ಇ-ಮೈಗ್ರೇಟ್ ವಿಮರ್ಶೆ: ಗಲ್ಫ್‌ಗೆ ಕೂಲಿ ಕೆಲಸಕ್ಕೆ ಹೊರಟವರ ಜೊತೆ ಈ ಸರ್ಕಾರಿ ಸೇವೆ ಎಲ್ಲಿಯವರೆಗೆ ಬರುತ್ತದೆ?

ಪಾಸ್‌ಪೋರ್ಟ್ ಕೈಗೆ ಬಂದ ಕೂಡಲೇ ಅದರಲ್ಲಿ ‘ಇಸಿಆರ್’ (ಎಮಿಗ್ರೇಶನ್ ಚೆಕ್ ರಿಕ್ವೈರ್ಡ್, ಅಂದರೆ ವಲಸೆ ತಪಾಸಣೆ ಬೇಕು) ಅಂತ ಇದೆಯಾ ನೋಡಿ. ಇದ್ದರೆ ಈ ವಿಮರ್ಶೆ ನಿಮಗೆ. ಇಲ್ಲದಿದ್ದರೂ ಓದಿ, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಹತ್ತನೇ ತರಗತಿ ಪಾಸಾಗದ, ಆದಾಯ ತೆರಿಗೆ ಕಟ್ಟದ, ವಯಸ್ಸು 50 ದಾಟದ ಜನರಿಗೆ ಸಾಮಾನ್ಯವಾಗಿ ಇಸಿಆರ್ ಪಾಸ್‌ಪೋರ್ಟ್ ಬರುತ್ತದೆ. ಇವರು 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ 1983ರ ಎಮಿಗ್ರೇಶನ್ ಕಾಯ್ದೆ ಪ್ರಕಾರ ಪ್ರೊಟೆಕ್ಟರ್ ಆಫ್ ಎಮಿಗ್ರಂಟ್ಸ್ ಕಚೇರಿಯ ಕ್ಲಿಯರೆನ್ಸ್, ಅಂದರೆ ಹೊರಡಲು ಅನುಮತಿ, ಬೇಕು. ಸೌದಿ, ಯುಎಇ, ಕತಾರ್, ಕುವೈತ್, ಒಮಾನ್, ಬಹ್ರೇನ್ ಆರೂ ಆ ಪಟ್ಟಿಯಲ್ಲಿವೆ. ಜೊತೆಗೆ ಮಲೇಷ್ಯಾ, ಜೋರ್ಡಾನ್, ಇರಾಕ್, ಲೆಬನಾನ್, ಲಿಬಿಯಾ, ಸುಡಾನ್, ಥಾಯ್ಲೆಂಡ್ ಮುಂತಾದವು. ಈ ಕ್ಲಿಯರೆನ್ಸ್ ಕೊಡುವ, ಏಜೆಂಟರ ಲೈಸೆನ್ಸ್ ನೋಡಿಕೊಳ್ಳುವ, ವಿದೇಶದ ಮಾಲೀಕರ ಬೇಡಿಕೆ ದಾಖಲಿಸುವ ವಿದೇಶಾಂಗ ಸಚಿವಾಲಯದ ಪೋರ್ಟಲ್ಲೇ ಇ-ಮೈಗ್ರೇಟ್. 2014ರಲ್ಲಿ ಶುರುವಾಗಿ, 2024ರ ಅಕ್ಟೋಬರಿನಲ್ಲಿ ಹೊಸ ಆವೃತ್ತಿಯೂ ಮೊಬೈಲ್ ಆಪ್ ಕೂಡ ಬಂದವು.

ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ. ಕಾಗದಪತ್ರ ಸರಿಯಾಗಿದ್ದರೆ ಇದು ನಂಬಬಹುದಾದ ಸೇವೆ. ಇದನ್ನು ಬಿಟ್ಟು ಹೋಗುವುದಂತೂ ಬೇಡವೇ ಬೇಡ. ಆದರೆ ಇದರ ಕೆಲಸ ಶುರುವಾಗುವುದು ತಡವಾಗಿ. ಊರಲ್ಲಿ ಒಡವೆ ಅಡವಿಟ್ಟು, ಯಾರದೋ ಕೈಗೆ ಮುಂಗಡ ಕೊಟ್ಟು, ವೀಸಾ ಬಂದಾದ ಮೇಲೆ ಪೋರ್ಟಲ್ ನಿಮ್ಮನ್ನು ಮೊದಲ ಸಲ ನೋಡುತ್ತದೆ. ಹಾನಿಯ ಬಹುಪಾಲು ಅಷ್ಟರಲ್ಲಿ ಆಗಿ ಹೋಗಿರುತ್ತದೆ.

ಜನ ಯಾಕೆ ಹೋಗುತ್ತಾರೆ ಅನ್ನುವುದನ್ನು ಬಿಟ್ಟು ಈ ಸೇವೆಯನ್ನು ಅಳೆಯಲು ಬರುವುದಿಲ್ಲ. ಉದ್ಯೋಗ ಖಾತ್ರಿಯಲ್ಲಿ ಕರ್ನಾಟಕದ ದಿನಗೂಲಿ 2025-26ಕ್ಕೆ 370 ರೂಪಾಯಿ ಇತ್ತು. 100 ದಿನ ಪೂರ್ತಿ ಕೆಲಸ ಸಿಕ್ಕಿದ್ದರೂ ವರ್ಷಕ್ಕೆ 37,000 ಆಗುತ್ತಿತ್ತು. ಸೌದಿಯಲ್ಲಿ ಹೆಲ್ಪರ್ ಕೆಲಸಕ್ಕೆ ತಿಂಗಳಿಗೆ 1,000 ರಿಯಾಲ್ ಅಂದರೆ, ರಿಯಾಲಿಗೆ 23 ರೂಪಾಯಿ ಹಿಡಿದರೂ, 23,000. ಎರಡೇ ತಿಂಗಳಲ್ಲಿ ಇಲ್ಲಿನ ಒಂದು ವರ್ಷದ ಖಾತ್ರಿ ಕೂಲಿ ದಾಟಿಹೋಗುತ್ತದೆ. ಖಾತ್ರಿ ಯೋಜನೆಯ ಹೊರಗೆ ಗಾರೆ ಕೆಲಸ, ಸೆಂಟ್ರಿಂಗ್ ಕೆಲಸ ಸಿಕ್ಕರೆ ಇಲ್ಲೂ ದಿನಗೂಲಿ ಹೆಚ್ಚೇ. ಆದರೆ ಅದು ಮಳೆ, ಮೇಸ್ತ್ರಿ, ಕಾಮಗಾರಿಯನ್ನು ನೋಡಿಕೊಂಡು ಬರುವ ಹಣ. ತಿಂಗಳ ಕೊನೆಗೆ ಒಟ್ಟಾಗಿ ಬರುವ ಸಂಬಳಕ್ಕೆ ಸಾಲ ತೀರಿಸುವ ಶಕ್ತಿ ಇದೆ ಅಂತ ಮನೆಯವರು ಲೆಕ್ಕ ಹಾಕುತ್ತಾರೆ, ಆ ಲೆಕ್ಕದಲ್ಲಿ ತಪ್ಪಿಲ್ಲ.

ಆ ಕಡೆಯಿಂದ ಎಳೆಯುವ ಬಲವೂ ಅಷ್ಟೇ ಗಟ್ಟಿ. 1973ರ ನಂತರ ತೈಲದ ಬೆಲೆ ಏರಿದಾಗ ಕೊಲ್ಲಿ ದೇಶಗಳಲ್ಲಿ ಹಣ ಬಂತು, ಕಟ್ಟುವ ಕೈಗಳಿರಲಿಲ್ಲ. ಇಂದಿಗೂ ಯುಎಇ ಮತ್ತು ಕತಾರಿನಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಜನ ಹೊರಗಿನವರೇ. ಭಟ್ಕಳ, ಉಡುಪಿ, ಮಂಗಳೂರಿನ ಮನೆಗಳಿಗೆ ಈ ದಾರಿ ಎರಡು ಮೂರು ತಲೆಮಾರಿನಷ್ಟು ಹಳೆಯದು. ಮೊದಲು ಹೋದವರು ತಮ್ಮನನ್ನು ಕರೆಸಿಕೊಂಡರು, ತಮ್ಮ ಭಾವನನ್ನು ಕರೆಸಿಕೊಂಡ. ಕರಾವಳಿಯ ಹುಡುಗರು ಈಗ ಹೆಚ್ಚಾಗಿ ಓದಿದವರು, ಅವರ ಪಾಸ್‌ಪೋರ್ಟಿಗೆ ಈ ತಪಾಸಣೆಯೇ ಇಲ್ಲ. ಕೇರಳದಲ್ಲೂ ಹೀಗೇ ಆಯಿತು. ಅಲ್ಲಿ ಊರ ಕೂಲಿ ಏರಿದ್ದರಿಂದ ಗಾರೆ ಕೆಲಸಕ್ಕೆ ಗಲ್ಫ್‌ಗೆ ಹೋಗುವ ಆಸೆ ಇಳಿಯಿತು, ಏಜೆಂಟರು ಉತ್ತರ ಪ್ರದೇಶ, ಬಿಹಾರದ ಕಡೆ ತಿರುಗಿದರು. ಈಗ ಇಸಿಆರ್ ಕ್ಲಿಯರೆನ್ಸ್‌ನಲ್ಲಿ ಆ ಎರಡು ರಾಜ್ಯಗಳೇ ಮುಂದೆ. ಊರಿನ ಕೂಲಿಗೂ ಅಲ್ಲಿನ ಸಂಬಳಕ್ಕೂ ನಡುವೆ ಅಂತರ ಎಲ್ಲಿ ದೊಡ್ಡದಿದೆಯೋ ಏಜೆಂಟ್ ಅಲ್ಲಿಗೆ ಬರುತ್ತಾನೆ. ಕಲಬುರಗಿ, ಯಾದಗಿರಿ, ರಾಯಚೂರು ಕಡೆಯವರು ಗುಳೆ ಹೋಗುವ ಮುಂಬೈ, ಹೈದರಾಬಾದ್ ಎರಡೂ ಗಲ್ಫ್ ನೇಮಕಾತಿಯ ದೊಡ್ಡ ಕೇಂದ್ರಗಳು. ದೇಶದೊಳಗಿನ ಗುಳೆಗೂ ದೇಶದಾಚೆಯ ಗುಳೆಗೂ ನಡುವೆ ಇರುವುದು ಒಬ್ಬ ಏಜೆಂಟ್ ಮತ್ತು ಒಂದು ಸಾಲ.

ಆ ಸಾಲವನ್ನು ಹತ್ತಿರದಿಂದ ನೋಡೋಣ. ಕಾನೂನಿನ ಪ್ರಕಾರ ಲೈಸೆನ್ಸ್ ಇರುವ ಏಜೆಂಟ್ ಕೆಲಸಗಾರನಿಂದ ತೆಗೆದುಕೊಳ್ಳಬಹುದಾದ ಗರಿಷ್ಠ ಸೇವಾ ಶುಲ್ಕ 30,000 ರೂಪಾಯಿ, 18% ಜಿಎಸ್‌ಟಿ ಸೇರಿದರೆ 35,400. ಅದಕ್ಕೆ ರಸೀದಿ ಕೊಡಲೇಬೇಕು. ಊರಲ್ಲಿ ಕೇಳುವ ಮೊತ್ತ ಇದರ ಎರಡು ಪಟ್ಟು, ಮೂರು ಪಟ್ಟು, ಕೆಲವೊಮ್ಮೆ ಅದಕ್ಕೂ ಮೇಲೆ.

ಒಬ್ಬರು 1,20,000 ಕೊಟ್ಟರು ಅಂತಿಟ್ಟುಕೊಳ್ಳಿ, ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಯ ಕೈಸಾಲ. ಮೊದಲ ತಿಂಗಳ ಬಡ್ಡಿಯೇ 3,600. 23,000ದಲ್ಲಿ ಅಲ್ಲಿನ ಖರ್ಚು ಕಳೆದು ಮನೆಗೆ 17,000 ಕಳಿಸಿ, ಮನೆಯವರು 9,000ದಲ್ಲಿ ಸಂಸಾರ ತೂಗಿಸಿ, ಉಳಿದ 8,000ವನ್ನು ಒಂದು ತಿಂಗಳೂ ತಪ್ಪದೆ ಸಾಲಕ್ಕೆ ಕಟ್ಟಿದರೆ ತೀರಲು 20 ತಿಂಗಳು ದಾಟುತ್ತದೆ. ಒಪ್ಪಂದ ಇರುವುದು 24 ತಿಂಗಳಿಗೆ. ಅದೇ ಬಡ್ಡಿಗೆ ಕಾನೂನುಬದ್ಧ 35,400 ಮಾತ್ರ ತಂದಿದ್ದರೆ ಐದು ತಿಂಗಳಲ್ಲಿ ಮುಗಿಯುತ್ತಿತ್ತು. ಸಂಬಳ ಎರಡು ತಿಂಗಳು ತಡವಾದರೆ, ಒಮ್ಮೆ ಕಾಯಿಲೆ ಬಿದ್ದರೆ, ಮೊದಲಿನ ಲೆಕ್ಕದಲ್ಲಿ ಎರಡು ವರ್ಷ ದುಡಿದು ಬರಿಗೈಲಿ ಬರಬೇಕಾಗುತ್ತದೆ. ಕೆಟ್ಟ ಮಾಲೀಕನನ್ನು ಬಿಟ್ಟು ಬರಲಾಗದಂತೆ ಕಟ್ಟಿಹಾಕುವುದು ಬಹಳ ಸಲ ಕಫೀಲ್ (ವೀಸಾ ಕೊಟ್ಟು ಕರೆಸಿಕೊಂಡ ಅಲ್ಲಿನ ಪ್ರಾಯೋಜಕ) ಅಲ್ಲ, ಊರಿನ ಬಡ್ಡಿ.

ಈಗ ಸೇವೆಯ ಒಂದೊಂದೇ ಭಾಗಕ್ಕೆ ಬರೋಣ.

ಏಜೆಂಟರ ಪಟ್ಟಿ ಇ-ಮೈಗ್ರೇಟ್‌ನ ಅತ್ಯಂತ ಉಪಯುಕ್ತ ಪುಟ, ಅತ್ಯಂತ ಕಡಿಮೆ ಜನ ತೆರೆಯುವ ಪುಟವೂ ಹೌದು. ಲಾಗಿನ್ ಬೇಡ, ಕಾಸು ಬೇಡ. ರಾಜ್ಯ ಆರಿಸಿದರೆ ನೋಂದಾಯಿತ ಏಜೆಂಟರ ಹೆಸರು, ವಿಳಾಸ, ಲೈಸೆನ್ಸ್ ಚಾಲ್ತಿಯಲ್ಲಿದೆಯೇ ಎಂಬುದು ಕಾಣುತ್ತದೆ. ಲೈಸೆನ್ಸ್ ಸಂಖ್ಯೆ ‘ಬಿ’ ಅಕ್ಷರದಿಂದ ಶುರುವಾಗುತ್ತದೆ. ಆಮೇಲೆ ಅಂಕಿ, ರಾಜ್ಯದ ಅಥವಾ ನಗರದ ಹೆಸರು, ಸಂಸ್ಥೆ ಪಾಲುದಾರಿಕೆಯೋ ಕಂಪನಿಯೋ ಎಂಬ ಸೂಚನೆ, ಎಷ್ಟು ಜನರನ್ನು ಕಳಿಸಬಹುದೆಂಬ ಮಿತಿ, ಐದು ವರ್ಷದ ಅವಧಿ ಸೂಚಿಸುವ 5, ಕಡತದ ಸಂಖ್ಯೆ, ಇಸವಿ, ಎಲ್ಲವೂ ಗೆರೆ ಗೆರೆಯಾಗಿ ಬರುತ್ತವೆ. ವಿಸಿಟಿಂಗ್ ಕಾರ್ಡಿನಲ್ಲಿ ‘ಸರ್ಕಾರಿ ಮಾನ್ಯತೆ’ ಅಂತ ಬರೆದು ಈ ಸಂಖ್ಯೆ ಹಾಕದಿದ್ದರೆ ಅಲ್ಲಿಂದ ಎದ್ದು ಬನ್ನಿ. ಸಂಖ್ಯೆ ಇದ್ದರೂ ಪೋರ್ಟಲಿನಲ್ಲಿ ಹಾಕಿ ಹೆಸರು, ವಿಳಾಸ ಎರಡೂ ಕೂಡುತ್ತವಾ ನೋಡಿ. ಇನ್ನೊಬ್ಬರ ಲೈಸೆನ್ಸ್ ಸಂಖ್ಯೆಯನ್ನು ತಮ್ಮ ಕಾರ್ಡಿನಲ್ಲಿ ಅಚ್ಚು ಹಾಕಿಸಿಕೊಳ್ಳುವುದು ಹಳೆಯ ಆಟ. ನೋಂದಣಿ ಇಲ್ಲದ ಏಜೆಂಟರ ಪಟ್ಟಿಯೂ ಅಲ್ಲೇ ಇದೆ, ಅದರಲ್ಲಿ ಮೂರು ಸಾವಿರಕ್ಕೂ ಹೆಚ್ಚು ಹೆಸರುಗಳಿವೆ.

ದೊಡ್ಡ ಏಜೆಂಟ್ ಲೈಸೆನ್ಸಿಗೆ 50 ಲಕ್ಷದ ಬ್ಯಾಂಕ್ ಗ್ಯಾರಂಟಿ ಇಡಬೇಕು. ಅಷ್ಟು ಹಣ ಒತ್ತೆ ಇಟ್ಟವರು ಹಳ್ಳಿ ಹಳ್ಳಿ ತಿರುಗುವುದಿಲ್ಲ, ತಿರುಗುವುದು ಸಬ್-ಏಜೆಂಟ್. ಕಾಯ್ದೆಯಲ್ಲಿ ಅವನಿಗೆ ಜಾಗವೇ ಇಲ್ಲ, ಆದರೆ ಹಣ ಮೊದಲು ಹೋಗುವುದು ಅವನ ಕೈಗೆ. ಅವನು ಊರಿನವನೇ, ದೂರದ ಸಂಬಂಧಿಯೇ ಆಗಿರುತ್ತಾನೆ, ಹಾಗಾಗಿ ರಸೀದಿ ಕೇಳಲು ಬಾಯಿ ಬರುವುದಿಲ್ಲ. ಪೋರ್ಟಲ್ ಈ ಜಾಗದಲ್ಲಿ ಕುರುಡು. ಕೆಲಸಗಾರ ನಿಜಕ್ಕೂ ಎಷ್ಟು ಕೊಟ್ಟ ಎಂಬುದು ಅದರ ಯಾವ ಕಾಲಂನಲ್ಲೂ ಕಾಣುವುದಿಲ್ಲ. ದಾರಿ ಒಂದೇ: ಲೈಸೆನ್ಸ್ ಇರುವ ಸಂಸ್ಥೆಯ ಖಾತೆಗೆ ನೇರವಾಗಿ ಬ್ಯಾಂಕಿನಿಂದಲೋ ಯುಪಿಐಯಿಂದಲೋ ಹಣ ಹಾಕಿ. ನಗದೇ ಬೇಕು ಅಂದರೆ ಯಾಕೆ ಅಂತ ಕೇಳಿ. ಮುಂದೆ ದೂರು ಕೊಡುವಾಗ ಬ್ಯಾಂಕಿನ ಆ ಒಂದು ಸಾಲು ಹತ್ತು ಜನರ ಸಾಕ್ಷಿಗಿಂತ ಗಟ್ಟಿ.

ಇನ್ನು ಕ್ಲಿಯರೆನ್ಸ್ ಸಿಗುವ ಕ್ರಮ. ವಿದೇಶದ ಮಾಲೀಕ ಮೊದಲು ಪೋರ್ಟಲಿನಲ್ಲಿ ನೋಂದಾಯಿಸಿಕೊಂಡು ಯಾವ ಕೆಲಸ, ಎಷ್ಟು ಜನ, ಎಷ್ಟು ಸಂಬಳ ಅಂತ ಬೇಡಿಕೆ ಹಾಕಬೇಕು. ಅಲ್ಲಿನ ಭಾರತೀಯ ರಾಯಭಾರ ಕಚೇರಿ ಅದನ್ನು ನೋಡುತ್ತದೆ. ಮಾಲೀಕ ಏಜೆಂಟನಿಗೆ ಅಧಿಕಾರ ಕೊಟ್ಟ ಮೇಲೆ ಏಜೆಂಟ್ ಆಳುಗಳನ್ನು ಆರಿಸುತ್ತಾನೆ. ಮೆಡಿಕಲ್ ಆಗಿ, ವೀಸಾ ಸ್ಟ್ಯಾಂಪಿಂಗ್ ಆದ ಮೇಲೆ ಪಾಸ್‌ಪೋರ್ಟ್, ವೀಸಾ, ಒಪ್ಪಂದ, ವಿಮೆ ಪಾಲಿಸಿ ಹಾಕಿ ಅರ್ಜಿ ಸಲ್ಲಿಸುತ್ತಾರೆ. ಕ್ಲಿಯರೆನ್ಸ್ ಸಿಕ್ಕರೆ ಅದು ವಿಮಾನ ನಿಲ್ದಾಣದ ಇಮಿಗ್ರೇಶನ್ ಕೌಂಟರಿಗೆ ಆನ್‌ಲೈನಿನಲ್ಲೇ ಹೋಗುತ್ತದೆ, ಪಾಸ್‌ಪೋರ್ಟಿಗೆ ಹಳೆಯ ಕಾಲದಂತೆ ಸ್ಟಿಕರ್ ಅಂಟಿಸುವುದಿಲ್ಲ. ಏಜೆಂಟ್ ಇಲ್ಲದೆ ಮಾಲೀಕ ನೇರವಾಗಿ ಕರೆಸಿಕೊಳ್ಳುವ ದಾರಿಯೂ ಇದೆ. ನಂಬಿಕಸ್ಥ ಮಾಲೀಕ ಸಿಕ್ಕರೆ ಸೇವಾ ಶುಲ್ಕವೇ ಉಳಿಯುತ್ತದೆ.

ಈ ಸರಪಳಿಯಲ್ಲಿ ನಿಮಗೆ ಬೇಕಾದದ್ದು ಪೋರ್ಟಲಿಗೆ ಹಾಕಿದ ಒಪ್ಪಂದದ ಪ್ರತಿ. ಏಜೆಂಟ್ ತೋರಿಸಿದ ಕಾಗದ ಒಂದು, ಪೋರ್ಟಲಿಗೆ ಹಾಕಿದ್ದು ಇನ್ನೊಂದು, ಅಲ್ಲಿಗೆ ಹೋದ ಮೇಲೆ ಸಹಿ ಹಾಕಿಸಿಕೊಂಡದ್ದು ಮೂರನೆಯದು ಆಗುವುದು ಈ ಕ್ಷೇತ್ರದ ಹಳೆಯ ರೋಗ. ಮೇಸ್ತ್ರಿ ಅಂತ ಹೇಳಿ ಕರೆಸಿ ‘ಲೇಬರ್’ ಅಂತ ಬರೆಸುವುದು, ಮೂಲ ಸಂಬಳ ಇಳಿಸಿ ಉಳಿದದ್ದನ್ನು ಓವರ್‌ಟೈಮ್ ಲೆಕ್ಕಕ್ಕೆ ತಳ್ಳುವುದು, ಊಟದ ಭತ್ಯೆ ತೆಗೆದುಹಾಕಿ ‘ಕಂಪನಿ ಊಟ’ ಅನ್ನುವುದು. ಕ್ಲಿಯರೆನ್ಸ್‌ಗೆ ಹಾಕಿದ ಪ್ರತಿ ಕೈಲಿದ್ದರೆ ರಾಯಭಾರ ಕಚೇರಿಯಲ್ಲಿ ನಿಮ್ಮ ಮಾತಿಗೆ ತೂಕ ಬರುತ್ತದೆ, ಇಲ್ಲದಿದ್ದರೆ ನಿಮ್ಮ ಮಾತು ಒಂದು, ಮಾಲೀಕನ ಮಾತು ಒಂದು. ಒಪ್ಪಂದದಲ್ಲಿ ಐದು ಸಾಲು ಹುಡುಕಿ ಓದಿಸಿಕೊಳ್ಳಿ: ಮೂಲ ಸಂಬಳ, ದಿನದ ಗಂಟೆ, ವಾರದ ರಜೆ, ಊಟ-ವಸತಿ ಯಾರದು, ಅವಧಿ ಮುಗಿದಾಗ ವಾಪಸ್ ಟಿಕೆಟ್ ಯಾರದು. ಹುದ್ದೆಯ ಹೆಸರು ವೀಸಾದಲ್ಲೂ ಒಪ್ಪಂದದಲ್ಲೂ ಒಂದೇ ಇರಬೇಕು.

ಭಾಷೆಯ ಕಷ್ಟ ನಮ್ಮವರಿಗೆ ದೊಡ್ಡದು. ಯುಎಇ 2016ರಿಂದ ಕೆಲಸದ ಆಫರ್ ಪತ್ರವನ್ನು 11 ಭಾಷೆಗಳಲ್ಲಿ ಕೊಡುವ ವ್ಯವಸ್ಥೆ ಮಾಡಿತು. ಅದರಲ್ಲಿ ಹಿಂದಿ, ಉರ್ದು, ತಮಿಳು, ಮಲಯಾಳಂ ಇವೆ, ಕನ್ನಡ ಇಲ್ಲ. ಕೊನೆಗೆ ಓದಿ ಹೇಳುವವನು ಏಜೆಂಟನೇ ಆಗುತ್ತಾನೆ, ಅದು ಆಗಬಾರದು. ಊರಿನ ಹೈಸ್ಕೂಲು ಮೇಷ್ಟ್ರ ಹತ್ತಿರ ಅರ್ಧ ಗಂಟೆ ಕೂತು ಓದಿಸಿಕೊಂಡರೂ ಸಾಕು. ಕತಾರಿಗೆ ಹೋಗುವವರಿಗೆ ಈ ವಿಷಯದಲ್ಲಿ ಸ್ಥಿತಿ ಪರವಾಗಿಲ್ಲ. ಕೊಚ್ಚಿ, ಹೈದರಾಬಾದ್, ಚೆನ್ನೈ, ಮುಂಬೈಯಲ್ಲಿರುವ ಕತಾರ್ ವೀಸಾ ಕೇಂದ್ರದಲ್ಲೇ ಮೆಡಿಕಲ್, ಬೆರಳಚ್ಚು, ಒಪ್ಪಂದದ ಸಹಿ ಎಲ್ಲವೂ ಹೊರಡುವ ಮೊದಲೇ ಮುಗಿಯುತ್ತದೆ. ಆಮೇಲೆ ಕಾಗದ ಬದಲಿಸುವುದು ಕಷ್ಟ. 2021ರ ಮಾರ್ಚಿನಿಂದ ಕತಾರಿನಲ್ಲಿ ಕನಿಷ್ಠ ವೇತನ ತಿಂಗಳಿಗೆ 1,000 ಕತಾರಿ ರಿಯಾಲ್, ಊಟ ಕೊಡದಿದ್ದರೆ 300, ವಸತಿ ಕೊಡದಿದ್ದರೆ 500 ಸೇರಬೇಕು. ಮನೆಗೆಲಸದವರಿಗೂ ಇದು ಅನ್ವಯಿಸುತ್ತದೆ. ಇಂಥ ಅಂಕಿ ಮೊದಲೇ ಗೊತ್ತಿದ್ದರೆ ಏಜೆಂಟನ ಮುಂದೆ ಮಾತಾಡುವ ರೀತಿಯೇ ಬೇರೆಯಾಗುತ್ತದೆ.

ಭಾರತ ಸರ್ಕಾರವೂ ದೇಶವಾರು, ಕೆಲಸವಾರು ಕನಿಷ್ಠ ಸಂಬಳ ಗೊತ್ತು ಮಾಡುತ್ತದೆ, ಅದಕ್ಕಿಂತ ಕಡಿಮೆಗೆ ಕ್ಲಿಯರೆನ್ಸ್ ಸಿಗುವುದಿಲ್ಲ. ಒಳ್ಳೆಯ ಬೇಲಿ. ಆದರೆ 2020ರ ಸೆಪ್ಟೆಂಬರಿನಲ್ಲಿ, ಕೋವಿಡ್ ನಡುವೆ, ಗಲ್ಫ್ ದೇಶಗಳಿಗೆ ಆ ಮೊತ್ತವನ್ನು 30ರಿಂದ 50% ಇಳಿಸಿದರು. ಕೆಲಸ ಕೈತಪ್ಪಿ ಬೇರೆ ದೇಶದವರಿಗೆ ಹೋಗಬಾರದು ಅನ್ನುವುದು ಕಾರಣ. ಅಲ್ಲಿ ಮೊದಲೇ ಇದ್ದವರ ಸಂಬಳಕ್ಕೂ ಅದು ಏಟು ಅಂತ ವಿರೋಧ ಬಂದು, 2021ರ ಜುಲೈನಲ್ಲಿ ವಾಪಸ್ ತೆಗೆದುಕೊಂಡರು. ಆ ಹತ್ತು ತಿಂಗಳಲ್ಲಿ ಸಹಿ ಹಾಕಿ ಹೋದವರು ಕಡಿಮೆ ಸಂಬಳಕ್ಕೇ ಎರಡು ವರ್ಷದ ಒಪ್ಪಂದ ಮಾಡಿಕೊಂಡರು. ಬೇಲಿಯನ್ನು ಹಾಕಿದವರೇ ತಗ್ಗಿಸಬಹುದು ಎಂಬುದು ನೆನಪಿರಬೇಕು.

ವಿಮೆಯ ಭಾಗಕ್ಕೆ ನಾವು ಐದಕ್ಕೆ ನಾಲ್ಕು ಅಂಕ ಕೊಡುತ್ತೇವೆ. ಪ್ರವಾಸಿ ಭಾರತೀಯ ಬೀಮಾ ಯೋಜನೆಯ ಮೂಲ ಪ್ರೀಮಿಯಂ ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375. ಅಪಘಾತದಲ್ಲಿ ಸತ್ತರೆ ಅಥವಾ ಶಾಶ್ವತವಾಗಿ ಅಂಗವಿಕಲರಾದರೆ 10 ಲಕ್ಷ. ಆಸ್ಪತ್ರೆ ಖರ್ಚಿಗೆ 1 ಲಕ್ಷದವರೆಗೆ, ಕೆಲಸದ ವ್ಯಾಜ್ಯದ ಕಾನೂನು ಖರ್ಚಿಗೆ 45,000ದವರೆಗೆ. ಈ ದುಡ್ಡಿಗೆ ಮಾರುಕಟ್ಟೆಯಲ್ಲಿ ಯಾರೂ ಇಷ್ಟು ಕೊಡುವುದಿಲ್ಲ. ಇಸಿಆರ್ ಪಾಸ್‌ಪೋರ್ಟಿನವರಿಗೆ ಇದು ಕಡ್ಡಾಯ, ಪಾಲಿಸಿ ಇಲ್ಲದೆ ಕ್ಲಿಯರೆನ್ಸ್ ಇಲ್ಲ.

ಆ ಒಂದು ಅಂಕ ಕಳೆದದ್ದು ‘ಅಪಘಾತ’ ಅನ್ನುವ ಪದಕ್ಕೆ. ಗಲ್ಫ್‌ನಲ್ಲಿ ಬಿಸಿಲಿಗೆ ದುಡಿದು ರಾತ್ರಿ ಮಲಗಿದಲ್ಲೇ ಸತ್ತ ಎಷ್ಟೋ ಯುವಕರ ಮರಣ ಪ್ರಮಾಣಪತ್ರದಲ್ಲಿ ‘ಹೃದಯ ಸ್ತಂಭನ’, ‘ಸಹಜ ಕಾರಣ’ ಅಂತ ಬರೆಯುತ್ತಾರೆ. ಹಾಗೆ ಬರೆದ ಮೇಲೆ 10 ಲಕ್ಷದ ಬಾಗಿಲು ಮುಚ್ಚಿತು. ಇದು ಕುಟುಂಬಗಳಿಗೆ ಗೊತ್ತಾಗುವುದು ಕ್ಲೇಮಿಗೆ ಹೋದಾಗ. ಇನ್ನೆರಡು ತಪ್ಪು ನಮ್ಮ ಕಡೆಯಿಂದಲೇ ಆಗುತ್ತವೆ. ನಾಮಿನಿ ಹೆಸರನ್ನು ಏಜೆಂಟ್ ಕಚೇರಿಯ ಹುಡುಗ ಅಂದಾಜಿಗೆ ಟೈಪ್ ಮಾಡಿರುತ್ತಾನೆ, ಆಧಾರ್‌ನಲ್ಲಿ ‘ಮಲ್ಲಮ್ಮ’, ಪಾಲಿಸಿಯಲ್ಲಿ ‘ಮಾಲಮ್ಮ’. ಅವಧಿ ಮುಗಿದ ಮೇಲೆ ಅಲ್ಲೇ ಮುಂದುವರಿದವರು ಪಾಲಿಸಿ ನವೀಕರಿಸುವುದೇ ಇಲ್ಲ, ಆನ್‌ಲೈನಿನಲ್ಲಿ ಆಗುವ ಕೆಲಸ ಅದು. ಪಾಲಿಸಿ ಹಾಳೆ ಬಂದ ದಿನವೇ ಹೆಸರು, ಜನ್ಮ ದಿನಾಂಕ, ಪಾಸ್‌ಪೋರ್ಟ್ ಸಂಖ್ಯೆ, ನಾಮಿನಿ ನಾಲ್ಕನ್ನೂ ಬೆರಳಿಟ್ಟು ನೋಡಿ.

ಹೊರಡುವ ಮುಂಚಿನ ತರಬೇತಿ ಒಂದು ದಿನದ್ದು, ಉಚಿತ. ಆ ದೇಶದ ಕಾನೂನು, ಏನು ಒಯ್ಯಬಾರದು, ಯಾರಿಗೆ ಫೋನ್ ಮಾಡಬೇಕು ಅನ್ನುವುದನ್ನು ಹೇಳುತ್ತಾರೆ. ಪ್ರಮಾಣಪತ್ರಕ್ಕೆ ಅಂತ ಹೋಗಿ ಹಿಂದಿನ ಸಾಲಿನಲ್ಲಿ ಕೂರಬೇಡಿ. ಗಸಗಸೆ ಹಾಕಿದ ಮಸಾಲೆ, ಬೇರೊಬ್ಬರು ಕೊಟ್ಟ ಪೊಟ್ಟಣ, ಚೀಟಿ ಇಲ್ಲದ ನೋವಿನ ಮಾತ್ರೆ ಒಯ್ದು ಜೈಲು ಸೇರುವ ಅಪಾಯ ನಿಜವಾದದ್ದು.

ಮೆಡಿಕಲ್ ಬಗ್ಗೆ ಒಂದು ಮಾತು, ಇದು ಪೋರ್ಟಲಿನ ಭಾಗವಲ್ಲದಿದ್ದರೂ. ಜನ ಇನ್ನೂ ‘ಗಾಮ್ಕಾ’ ಅನ್ನುವ ಈ ತಪಾಸಣೆಯ ಬುಕಿಂಗ್ ಈಗ ವಾಫಿದ್ ಎಂಬ ವ್ಯವಸ್ಥೆಯಲ್ಲಿ ಆಗುತ್ತದೆ. ಎಕ್ಸ್‌ರೇಯಲ್ಲಿ ಹಳೆಯ ಟಿಬಿಯ ಕಲೆ ಕಂಡರೂ, ಹೆಪಟೈಟಿಸ್ ಬಿ ಇದ್ದರೂ ಅನ್‌ಫಿಟ್ ಆಗುತ್ತದೆ. ಮುಂಗಡ ಕೊಡುವ ಮೊದಲೇ ತಾಲ್ಲೂಕು ಆಸ್ಪತ್ರೆಯಲ್ಲಿ ಎದೆಯ ಎಕ್ಸ್‌ರೇ, ರಕ್ತ ಪರೀಕ್ಷೆ ಮಾಡಿಸಿಕೊಂಡರೆ ಮುಂದಿನ ದೊಡ್ಡ ನಷ್ಟ ತಪ್ಪುತ್ತದೆ. ಅನ್‌ಫಿಟ್ ಆದ ಮೇಲೆ ಏಜೆಂಟನಿಂದ ಮುಂಗಡ ವಾಪಸ್ ಪಡೆಯುವುದು ಎಷ್ಟು ಕಷ್ಟ ಅಂತ ಹೋಗಿ ಬಂದ ಯಾರನ್ನು ಕೇಳಿದರೂ ಹೇಳುತ್ತಾರೆ.

ಹೆಸರಿನ ತೊಡಕೂ ಇದೆ. ಉತ್ತರ ಕರ್ನಾಟಕದ ಎಷ್ಟೋ ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರಿನ ಜಾಗ ಖಾಲಿ, ಹೆಸರು ಒಂದೇ ಪದ. ಯುಎಇ 2022ರ ನವೆಂಬರಿನಿಂದ ಒಂದೇ ಪದದ ಹೆಸರಿರುವವರಿಗೆ ವಿಸಿಟ್ ವೀಸಾದಲ್ಲಿ ಪ್ರವೇಶ ನಿಲ್ಲಿಸಿತು. ಪಾಸ್‌ಪೋರ್ಟಿಗೆ ಅರ್ಜಿ ಹಾಕುವಾಗಲೇ ತಂದೆ ಹೆಸರನ್ನೋ ಮನೆತನದ ಹೆಸರನ್ನೋ ಎರಡನೇ ಜಾಗದಲ್ಲಿ ತುಂಬಿಸಿ.

ಈಗ ‘ಫ್ರೀ ವೀಸಾ’. ಇ-ಮೈಗ್ರೇಟ್ ಅನ್ನು ಸುತ್ತು ಹಾಕಿ ಹೋಗುವ ದೊಡ್ಡ ದಾರಿ ಇದು, ಹಾಗಾಗಿ ಸ್ವಲ್ಪ ಬಿಡಿಸಿ ಹೇಳಬೇಕು. ಇದು ಪುಕ್ಕಟೆ ವೀಸಾ ಅಲ್ಲ, ದುಬಾರಿ ವೀಸಾ. ‘ಆಜಾದ್ ವೀಸಾ’ ಅಂತಲೂ ಅನ್ನುತ್ತಾರೆ. ಸೌದಿಯಲ್ಲಿ ಕಂಪನಿಯೊಂದು ವಿದೇಶಿ ಕೆಲಸಗಾರನನ್ನು ಇಟ್ಟುಕೊಂಡರೆ ತಲೆಗೆ ತಿಂಗಳಿಗೆ 700ರಿಂದ 800 ರಿಯಾಲ್ ಲೆವಿ (ಸರ್ಕಾರಿ ಶುಲ್ಕ) ಕಟ್ಟಬೇಕಾದ ನಿಯಮ 2020ರ ಹೊತ್ತಿಗೆ ಬಂದಿತ್ತು. ಮನೆಯವರು ಇಟ್ಟುಕೊಳ್ಳುವ ಡ್ರೈವರ್, ಮನೆಗೆಲಸದವರ ಇಕಾಮಾಕ್ಕೆ (ಅಲ್ಲಿ ವಾಸಿಸುವ ಪರವಾನಗಿ) ವರ್ಷಕ್ಕೇ 600 ರಿಯಾಲ್ ಆಸುಪಾಸು. ಈ ಅಂತರದಿಂದ ಒಂದು ವ್ಯಾಪಾರ ಹುಟ್ಟಿತು. ಯಾವುದೋ ಮನೆಯ ಹೆಸರಿನಲ್ಲಿ ‘ಹೌಸ್ ಡ್ರೈವರ್’ ವೀಸಾ ತೆಗೆಸಿ, ಮಾರಿ, ‘ಎಲ್ಲಿ ಬೇಕಾದರೂ ದುಡಿ, ಕಫೀಲನಿಗೆ ತಿಂಗಳಿಗಿಷ್ಟು ಕೊಡು’ ಅನ್ನುತ್ತಾರೆ. ಆದರೆ ಸೌದಿ ಕಾರ್ಮಿಕ ಕಾನೂನಿನ 39ನೇ ಕಲಮಿನ ಪ್ರಕಾರ ಕಫೀಲನನ್ನು ಬಿಟ್ಟು ಬೇರೆ ಕಡೆ ದುಡಿಯುವುದು ಅಪರಾಧ. ಕಫೀಲನಿಗೆ ಮನಸ್ಸು ಬಂದ ದಿನ ‘ಓಡಿಹೋಗಿದ್ದಾನೆ’ ಅಂತ ಹುರೂಬ್ ಹಾಕಿದರೆ ಇಕಾಮಾ ಸತ್ತಂತೆ. ಆಮೇಲೆ ಬ್ಯಾಂಕ್, ಆಸ್ಪತ್ರೆ, ವಿಮಾನ ಯಾವುದೂ ಸರಾಗವಲ್ಲ. ಅದೇ ಕಾನೂನಿನ 40ನೇ ಕಲಮು ಕಂಪನಿ ಕೆಲಸಗಾರರಿಗೆ ನೇಮಕಾತಿ ಖರ್ಚು, ಇಕಾಮಾ, ವರ್ಕ್ ಪರ್ಮಿಟ್, ವಾಪಸ್ ಟಿಕೆಟ್ ಎಲ್ಲವೂ ಮಾಲೀಕನದೇ ಅನ್ನುತ್ತದೆ. ಯುಎಇಯ 2021ರ ಕಾರ್ಮಿಕ ಕಾನೂನೂ ನೇಮಕಾತಿ ಖರ್ಚನ್ನು ಕೆಲಸಗಾರನ ಮೇಲೆ ಹಾಕಬಾರದು ಅನ್ನುತ್ತದೆ. ಕಾನೂನಿನ ಪ್ರಕಾರ ಮಾಲೀಕ ಕಟ್ಟಬೇಕಾದ ಹಣಕ್ಕೆ ನಮ್ಮೂರಿನ ಹೆಂಗಸರ ತಾಳಿ ಅಡವಿಗೆ ಹೋಗುತ್ತಿದೆ.

ವಿಸಿಟ್ ವೀಸಾದಲ್ಲಿ ಹೋಗಿ ಅಲ್ಲಿ ಕೆಲಸ ಹುಡುಕುವುದು ಇನ್ನೊಂದು ಒಳದಾರಿ. ಒಪ್ಪಂದವಿಲ್ಲ, ವಿಮೆಯಿಲ್ಲ, ಪೋರ್ಟಲಿನಲ್ಲಿ ನಿಮ್ಮ ಹೆಸರೇ ಇರುವುದಿಲ್ಲ. 2023ರ ಏಪ್ರಿಲಿನಲ್ಲಿ ಸುಡಾನಿನಲ್ಲಿ ಯುದ್ಧ ಶುರುವಾದಾಗ ನಮ್ಮ ಹಕ್ಕಿ-ಪಿಕ್ಕಿ ಸಮುದಾಯದವರು ಅಲ್ಲಿ ಸಿಕ್ಕಿಬಿದ್ದರು. ಗಿಡಮೂಲಿಕೆ ಎಣ್ಣೆ ಮಾರಲು ಹೋದವರು. ಅವರನ್ನು ‘ಆಪರೇಶನ್ ಕಾವೇರಿ’ಯಲ್ಲಿ ಕರೆತರಬೇಕಾಯಿತು. ಇ-ಮೈಗ್ರೇಟ್ ಶುರುವಾಗುವುದೇ ಮಾಲೀಕನಿಂದ, ಹಾಗಾಗಿ ಮಾಲೀಕನಿಲ್ಲದೆ ಸ್ವಂತ ವ್ಯಾಪಾರಕ್ಕೆ ಹೋಗುವ ಬಡವರಿಗೆ ಅದರಲ್ಲಿ ಜಾಗವಿಲ್ಲ.

ಹತ್ತನೇ ತರಗತಿಯ ಗೆರೆ ಈ ಸೇವೆಯ ದೊಡ್ಡ ದೋಷ ಅಂತ ನಮ್ಮ ಖಚಿತ ಅಭಿಪ್ರಾಯ. ಎಸ್‌ಎಸ್‌ಎಲ್‌ಸಿ ಪಾಸಾದ ಹುಡುಗ ಅದೇ ಕ್ಯಾಂಪಿನಲ್ಲಿ ಅದೇ ಹೆಲ್ಪರ್ ಕೆಲಸಕ್ಕೆ ಹೋದರೂ ಅವನಿಗೆ ಕ್ಲಿಯರೆನ್ಸ್ ಬೇಡ, ವಿಮೆ ಕಡ್ಡಾಯವಲ್ಲ, ಅವನ ಒಪ್ಪಂದವನ್ನು ಯಾರೂ ನೋಡುವುದಿಲ್ಲ. ಅಂಕಪಟ್ಟಿಗೂ ಕಫೀಲನ ಗುಣಕ್ಕೂ ಏನು ಸಂಬಂಧ? ಇಸಿಆರ್ ಅಲ್ಲದವರೂ ನೋಂದಣಿ ಮಾಡಲೇಬೇಕು ಅಂತ 2018ರ ನವೆಂಬರಿನಲ್ಲಿ ಆದೇಶ ಬಂದು, ಜಾರಿಯಾಗುವ ಮೊದಲೇ ತಡೆಹಿಡಿದರು. ಸ್ವಇಚ್ಛೆಯ ನೋಂದಣಿ ಉಳಿದಿದೆ. ಹತ್ತು ನಿಮಿಷದ ಕೆಲಸ, ಮಾಡಿ. ಈ ಬರಹ ನಿಮಗೂ ಅಂತ ಆರಂಭದಲ್ಲಿ ಹೇಳಿದ್ದು ಇದಕ್ಕೇ.

ಹೆಂಗಸರಿಗೆ ನಿಯಮ ಬೇರೆ. ಇಸಿಆರ್ ಪಾಸ್‌ಪೋರ್ಟಿನ ಮಹಿಳೆಗೆ ಮನೆಗೆಲಸಕ್ಕೆ ಹೋಗಲು 30 ವರ್ಷ ತುಂಬಿರಬೇಕು. ರಕ್ಷಣೆಗೆಂದು ಮಾಡಿದ ಈ ನಿಯಮ, ವಯಸ್ಸು ತಿದ್ದಿಸುವವರಿಗೂ ವಿಸಿಟ್ ವೀಸಾ ಮಾರುವವರಿಗೂ ಗಿರಾಕಿ ಒದಗಿಸಿದೆ. ಖಾಸಗಿ ಏಜೆಂಟ್ ‘ವಯಸ್ಸು ನಾನು ನೋಡಿಕೊಳ್ಳುತ್ತೇನೆ’ ಅಂದರೆ ಅಲ್ಲಿಗೇ ನಿಲ್ಲಿಸಿ. ಅಡ್ಡದಾರಿಯಲ್ಲಿ ಹೋದ ಹೆಂಗಸು ನಾಲ್ಕು ಗೋಡೆಯೊಳಗೆ ಸಿಕ್ಕಿಕೊಂಡರೆ ಹುಡುಕಲು ವಿಳಾಸವೂ ದಾಖಲೆಯಲ್ಲಿ ಇರುವುದಿಲ್ಲ.

ವಸತಿ ಬಗ್ಗೆ ಒಪ್ಪಂದದಲ್ಲಿ ಒಂದೇ ಸಾಲು: ‘ಕಂಪನಿ ಕೊಡುತ್ತದೆ’. ಎಷ್ಟು ಜನಕ್ಕೆ ಒಂದು ಕೋಣೆ, ಹೊರಹೋಗುವ ದಾರಿ ಎಷ್ಟು, ಯಾವುದೂ ಇಲ್ಲ. 2024ರ ಜೂನ್ 12ರಂದು ಕುವೈತಿನ ಮಂಗಫ್‌ನಲ್ಲಿ ಕೆಲಸಗಾರರ ಕಟ್ಟಡಕ್ಕೆ ಬೆಂಕಿ ಬಿದ್ದು ಕನಿಷ್ಠ 45 ಭಾರತೀಯರು ಸತ್ತರು, ಅವರಲ್ಲಿ ಕಲಬುರಗಿ ಜಿಲ್ಲೆಯವರೊಬ್ಬರೂ ಇದ್ದರು. ಆ ಒಂದು ಸಾಲನ್ನು ನಾಲ್ಕು ಸಾಲು ಮಾಡಲು ಪೋರ್ಟಲಿಗೆ ತಾಂತ್ರಿಕ ತೊಂದರೆ ಏನೂ ಇಲ್ಲ.

ದೂರಿನ ವ್ಯವಸ್ಥೆ ಪರವಾಗಿಲ್ಲ. 1800 11 3090 ದಿನದ 24 ಗಂಟೆಯ ಸಹಾಯವಾಣಿ, ದುಬೈಯಲ್ಲಿ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಸಂಖ್ಯೆ 800 46342. ಅಲ್ಲಿಂದಾಗಲಿ ಊರಿನ ಮನೆಯಿಂದಾಗಲಿ ‘ಮದದ್’ ಪೋರ್ಟಲಿನಲ್ಲಿ ದೂರು ಹಾಕಬಹುದು, 2015ರಿಂದ ನಡೆಯುತ್ತಿದೆ. ಕಷ್ಟದಲ್ಲಿರುವವರ ಟಿಕೆಟ್, ತಾತ್ಕಾಲಿಕ ವಸತಿ, ಶವ ತರಿಸುವ ಖರ್ಚಿಗೆ ರಾಯಭಾರ ಕಚೇರಿಗಳಲ್ಲಿ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇದೆ. ಕೇಳದಿದ್ದರೆ ಸಿಗುವುದಿಲ್ಲ, ಹೆಸರು ಹೇಳಿ ಕೇಳಬೇಕು. ದೂರು ಬರೆಯುವಾಗ ‘ತುಂಬ ಹಿಂಸೆ ಕೊಡುತ್ತಾರೆ’ ಅಂತ ಬರೆದರೆ ಮುಂದೆ ಹೋಗುವುದಿಲ್ಲ. ಯಾವ ತಿಂಗಳಿನಿಂದ ಸಂಬಳ ಬಂದಿಲ್ಲ, ಎಷ್ಟು ಬರಬೇಕು, ಇಕಾಮಾ ಯಾವ ದಿನ ಮುಗಿಯಿತು, ಕಂಪನಿಯ ಹೆಸರು ಇಕಾಮಾದಲ್ಲಿ ಇರುವಂತೆಯೇ, ಕ್ಯಾಂಪಿನ ಲೊಕೇಶನ್ ಬರೆಯಿರಿ. ಸಂಬಳ ಬ್ಯಾಂಕ್ ಮೂಲಕ ಕೊಡಬೇಕೆಂಬ ನಿಯಮ ಯುಎಇಯಲ್ಲಿ 2009ರಿಂದ, ಸೌದಿಯಲ್ಲಿ 2013ರಿಂದ ಇದೆ. ಹಾಗಾಗಿ ಬ್ಯಾಂಕ್ ಸಂದೇಶಗಳನ್ನು ಅಳಿಸಬೇಡಿ.

ವಿಮಾನ ಹತ್ತುವ ಹಿಂದಿನ ದಿನ ಒಂದು ಕೆಲಸ ಮಾಡಿ. ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟ, ವೀಸಾ, ಪೋರ್ಟಲಿಗೆ ಹಾಕಿದ ಒಪ್ಪಂದ, ವಿಮೆ ಪಾಲಿಸಿ, ಏಜೆಂಟನ ಲೈಸೆನ್ಸ್ ಸಂಖ್ಯೆ, ಹಣ ಕೊಟ್ಟ ರಸೀದಿ, ಆ ದೇಶದ ಭಾರತೀಯ ರಾಯಭಾರ ಕಚೇರಿಯ ಫೋನ್ ಸಂಖ್ಯೆ, ಇಷ್ಟನ್ನೂ ಜೆರಾಕ್ಸ್ ಮಾಡಿಸಿ ಎರಡು ಪ್ರತಿ ಮನೆಯಲ್ಲಿ ಇಡಿ. ಒಂದು ಹೆಂಡತಿ ಅಥವಾ ಅಪ್ಪನ ಹತ್ತಿರ, ಇನ್ನೊಂದು ಓದು ಬರಹ ಬಲ್ಲ ನಂಬಿಕಸ್ಥರ ಹತ್ತಿರ. ಅಲ್ಲಿ ಫೋನ್ ಕಳೆದರೂ, ಕಾನೂನಿಗೆ ವಿರುದ್ಧವಾಗಿ ಪಾಸ್‌ಪೋರ್ಟನ್ನು ಕಫೀಲ್ ತನ್ನ ಬೀರುವಿನಲ್ಲಿ ಇಟ್ಟುಕೊಂಡರೂ, ಈ ಹಾಳೆಗಳನ್ನು ಹಿಡಿದು ಮನೆಯವರು ಅದೇ ದಿನ ಮದದ್‌ನಲ್ಲಿ ದೂರು ದಾಖಲಿಸಬಹುದು.